ರಾತ್ರಿ ಅಳಿಸುವ ಕಾಲುನೋವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳಿಗೆ ಐದು ವರ್ಷ, ತೂಕ 16 ಕಿಲೋ. ವಾರಕ್ಕೆ ಒಂದೆರಡು ಸಲ, ಮಲಗಿದ ಸ್ವಲ್ಪ ಹೊತ್ತಿಗೆ ಎರಡೂ ಮೀನಖಂಡ ನೋಯುತ್ತವೆಂದು ಅಳುತ್ತ ಏಳುತ್ತಾಳೆ. ಒತ್ತಿಕೊಟ್ಟರೆ ಮತ್ತೆ ನಿದ್ದೆ ಹೋಗುತ್ತಾಳೆ. ಬೆಳಗ್ಗೆ ಏನೂ ಆಗದವಳಂತೆ ಓಡಾಡುತ್ತಾಳೆ. ಡಾಕ್ಟರು ಪರೀಕ್ಷಿಸಿ ‘ಬೆಳವಣಿಗೆಯ ನೋವು’ ಎಂದರು, ರಕ್ತಪರೀಕ್ಷೆ ಬರೆಯಲಿಲ್ಲ. ಹಾಗೇ ಬಿಡಬಹುದೆ?

ಉತ್ತರ: ಸದ್ಯಕ್ಕೆ ಬಿಡಬಹುದು. ಎರಡೂ ಕಾಲು, ಸಂಜೆ ಅಥವಾ ರಾತ್ರಿ ಮಾತ್ರ, ನೋವು ಕೀಲಿನಲ್ಲಲ್ಲ ಸ್ನಾಯುವಿನಲ್ಲಿ, ಬೆಳಗಾದರೆ ಮಾಯ. ಇಷ್ಟೂ ಕೂಡಿಬಂದು, ಪರೀಕ್ಷೆಯಲ್ಲಿ ಮಗು ಸರಿಯಾಗಿದ್ದರೆ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಆಗಲಿ ಬೇಕಿಲ್ಲ. ಮೀನಖಂಡದಂತೆಯೇ ತೊಡೆಯ ಮುಂಭಾಗ ಮತ್ತು ಮಂಡಿಯ ಹಿಂಭಾಗದಲ್ಲೂ ಇದು ಬರುತ್ತದೆ. ಸಾಮಾನ್ಯವಾಗಿ 3ರಿಂದ 12 ವರ್ಷದೊಳಗೆ ಕಾಣಿಸಿಕೊಂಡು, ವಾರಗಟ್ಟಲೆ ಸುಮ್ಮನಿದ್ದು ಮತ್ತೆ ಮರಳುವುದೂ ಉಂಟು. ಹೆಸರು ಏನೇ ಹೇಳಲಿ, ಮಗು ಭರದಿಂದ ಉದ್ದವಾಗುವ ಕಾಲಕ್ಕೂ ಈ ನೋವಿಗೂ ನಂಟು ಸಿಕ್ಕಿಲ್ಲ. ನಿಖರ ಕಾರಣ ಗೊತ್ತಾಗಿಲ್ಲ. ಹೆಚ್ಚು ಓಡಿ ಕುಣಿದ ದಿನ ರಾತ್ರಿ ಜಾಸ್ತಿ ಎಂದು ಅನೇಕ ತಂದೆತಾಯಿ ಗಮನಿಸುತ್ತಾರೆ. ಹಾಗೆಂದು ಆಟ ನಿಲ್ಲಿಸಬೇಡಿ.

ನೋವು ಎದ್ದಾಗ ಅಂಗೈಯಿಂದ ಐದು ಹತ್ತು ನಿಮಿಷ ಮೆತ್ತಗೆ ನೀವಿ. ಈ ಮಕ್ಕಳು ಕಾಲು ಮುಂದೆ ಚಾಚಿ ‘ಒತ್ತು’ ಎನ್ನುತ್ತಾರೆ. ಮೂಳೆ ಕೀಲುಗಳ ಸೋಂಕು, ಊತ ಇರುವ ಮಗು ಮುಟ್ಟಲೂ ಬಿಡುವುದಿಲ್ಲ. ಗುರುತಿಟ್ಟುಕೊಳ್ಳಬೇಕಾದ ವ್ಯತ್ಯಾಸ ಇದು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಬಹುದು, ಮಗು ನಿದ್ದೆ ಹೋದ ಕೂಡಲೆ ತೆಗೆಯಿರಿ. ಚರ್ಮ ಸುಡುವುದು ಹಾಗೇ ಮರೆತು ಬಿಟ್ಟಾಗ.

ಇದಕ್ಕೂ ಬಗ್ಗದಿದ್ದರೆ ಪ್ಯಾರಸಿಟಮಾಲ್. ಲೆಕ್ಕ ವಯಸ್ಸಿನದಲ್ಲ, ತೂಕದ್ದು: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ., ಅಂದರೆ ನಿಮ್ಮ ಮಗಳಿಗೆ 160ರಿಂದ 240. ಎಡವುವುದು ಬಾಟಲಿಯಲ್ಲಿ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಮೊದಲನೆಯದರಲ್ಲಿ 7ರಿಂದ 10 ಮಿ.ಲೀ. ಬೇಕಾದರೆ ಎರಡನೆಯದರಲ್ಲಿ 3ರಿಂದ 4.5 ಮಿ.ಲೀ. ಸಾಕು. ಹನಿಯ ರೂಪದ ಔಷಧ ಇನ್ನೂ ಗಾಢ. ಆದ್ದರಿಂದ ಲೇಬಲ್ ಓದಿ, ಅಡುಗೆ ಚಮಚ ಬಿಟ್ಟು ಅಳತೆಯ ಸಿರಿಂಜ್‌ನಲ್ಲಿ ಕೊಡಿ. ಮತ್ತೆ ಕೊಡಬೇಕಾದರೆ ನಡುವೆ ಕನಿಷ್ಠ ನಾಲ್ಕು ಗಂಟೆ ಇರಲಿ, 24 ಗಂಟೆಯಲ್ಲಿ ನಾಲ್ಕು ಸಲ ದಾಟದಿರಲಿ. ನೆಗಡಿಗೆಂದು ಬೇರೆ ಸಿರಪ್ ನಡೆಯುತ್ತಿದ್ದರೆ ಅದರಲ್ಲೂ ಪ್ಯಾರಸಿಟಮಾಲ್ ಇದೆಯೇ ನೋಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ದಿನವೂ ಔಷಧ ಬೇಕಾಗುವಂತಾದರೆ ಇನ್ನೊಮ್ಮೆ ತೋರಿಸಿ.

ಪದೇ ಪದೇ ಬರುವ ನೋವಿಗೆ ಸ್ನಾಯು ಹಿಗ್ಗಿಸುವ ವ್ಯಾಯಾಮ ಒಳ್ಳೆಯದು. ಮಗುವನ್ನು ಅಂಗಾತ ಮಲಗಿಸಿ, ಮಂಡಿ ನೇರ ಇರಿಸಿ, ಹಿಮ್ಮಡಿ ಹಿಡಿದು ಪಾದದ ಮುಂಭಾಗವನ್ನು ಮಂಡಿಯ ಕಡೆಗೆ ಬಾಗಿಸಿ. ಇಪ್ಪತ್ತು ಎಣಿಸಿ ಬಿಡಿ. ಕಾಲಿಗೆ ಮೂರು ಸಲ, ಬೆಳಗ್ಗೆ ಮತ್ತು ಮಲಗುವ ಮುನ್ನ. ತೊಡೆಯ ಮುಂಭಾಗಕ್ಕಾದರೆ ಬೋರಲು ಮಲಗಿಸಿ ಹಿಮ್ಮಡಿಯನ್ನು ಪೃಷ್ಠದತ್ತ ತನ್ನಿ. ಎಳೆತ ತಿಳಿಯಬೇಕು, ನೋವಾಗಬಾರದು. ಪರಿಣಾಮಕ್ಕೆ ಕೆಲವು ವಾರ ಬೇಕು.

ಪ್ರಶ್ನೆ: ಹನ್ನೆರಡು ವರ್ಷದ ಮಗ, ಮೈ ಸ್ವಲ್ಪ ಭಾರ. ಮೂರು ವಾರದಿಂದ ಬಲ ಮಂಡಿ ನೋವು, ಸ್ವಲ್ಪ ಕುಂಟುತ್ತಾನೆ. ಮಂಡಿಯ ಎಕ್ಸ್‌ರೇ ಸರಿಯಾಗಿದೆ. ಬೆಳೆಯುವ ವಯಸ್ಸು, ಸರಿಹೋಗುತ್ತದೆ ಎನ್ನುತ್ತಾರೆ ಮನೆಯವರು.

ಉತ್ತರ: ಇದು ಬೆಳವಣಿಗೆಯ ನೋವಲ್ಲ. ಒಂದೇ ಕಾಲು, ಹಗಲಿನಲ್ಲೂ ಕುಂಟು: ಇವೆರಡೇ ಸಾಕು ಆ ಮಾತನ್ನು ಕೈಬಿಡಲು. ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಒಂದೇ ಆದ್ದರಿಂದ ಸೊಂಟದ ತೊಂದರೆ ಮಂಡಿನೋವಾಗಿ ಕಾಣಿಸುತ್ತದೆ. ಈ ವಯಸ್ಸಿನಲ್ಲಿ, ಅದರಲ್ಲೂ ತೂಕ ಹೆಚ್ಚಿದ್ದರೆ, ತೊಡೆಮೂಳೆಯ ತಲೆ ಬೆಳವಣಿಗೆಯ ಪದರದ ಬಳಿ ಜಾರಿರಬಹುದು. ನಡೆಯುವಾಗ ಆ ಪಾದ ಹೊರಕ್ಕೆ ತಿರುಗಿದೆಯೇ ನೋಡಿ, ಆದರೆ ತಿರುಗಿಲ್ಲವೆಂದು ಸುಮ್ಮನಾಗಬೇಡಿ. ಇವತ್ತೇ ಮೂಳೆತಜ್ಞರಲ್ಲಿಗೆ ಹೋಗಿ, ಎರಡೂ ಸೊಂಟದ ಎಕ್ಸ್‌ರೇ ಕೇಳಿ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕದಿರಲಿ, ಇನ್ನಷ್ಟು ಜಾರಿದರೆ ಮೂಳೆಗೆ ರಕ್ತ ಪೂರೈಕೆಯೇ ನಿಲ್ಲಬಹುದು.

ಜ್ವರ, ಕೀಲು ಊತ, ಬೆಳಗಿನ ಬಿಗಿತ, ತೂಕ ಇಳಿಯುವುದು, ಬಿಳಿಚಿಕೊಳ್ಳುವುದು, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ದಿನೇ ದಿನೇ ಏರುವ ನೋವು ಇದ್ದರೂ ಕಾಯಬಾರದು. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೂಡ ಮೊದಲು ಕಾಲುನೋವಾಗಿಯೇ ತೋರಬಹುದು.

ಪ್ರಶ್ನೆ: ಕ್ಯಾಲ್ಸಿಯಂ, ವಿಟಮಿನ್ ಡಿ ಟಾನಿಕ್ ಕೊಟ್ಟರೆ ನಿಲ್ಲುತ್ತದೆಯೆ?

ಉತ್ತರ: ಕ್ಯಾಲ್ಸಿಯಂನಿಂದ ನಿಲ್ಲುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ವಿಟಮಿನ್ ಡಿ ಕೊರತೆಯಿಂದಲೂ ಕಾಲು ನೋಯಬಹುದು, ಅನುಮಾನವಿದ್ದರೆ ಪರೀಕ್ಷಿಸಿ ವೈದ್ಯರು ಹೇಳಿದಷ್ಟೇ ಕೊಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ತೊಂದರೆ. ಇನ್ನು, ಮಗು ‘ನೋವು’ ಎನ್ನದೆ ‘ಕಾಲೊಳಗೆ ಏನೋ ಹರಿದಾಡುತ್ತೆ’ ಎಂದು ಸದಾ ಕಾಲಾಡಿಸುತ್ತಿದ್ದರೆ ನೋಡಿಸಬೇಕಾದದ್ದು ಕಬ್ಬಿಣಾಂಶವನ್ನು, ಫೆರಿಟಿನ್ ಪರೀಕ್ಷೆಯಿಂದ.