‘ಎಲ್ಲದಕ್ಕೂ ಫೋನ್ ಮಾಡ್ಬೇಡ’ ಅಂದಿದ್ರು

ಸುಮಾ ಮೊದಲ ದಿನ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದು ಕೂತವರೇ ಬ್ಯಾಗಿನಿಂದ ಕರವಸ್ತ್ರದಲ್ಲಿ ಸುತ್ತಿದ ಎರಡು ಬಳೆ ತೆಗೆದರು. ‘ಇವನ್ನ ಅಡವಿಟ್ರೆ ಎಷ್ಟು ಬರಬಹುದು ಮೇಡಂ?’ ಅಂತ ನನ್ನನ್ನೇ ಕೇಳಿದರು. (ಹೆಸರು ನಿಜವಲ್ಲ. ಗುರುತು ಸಿಗುವ ಉಳಿದ ವಿವರಗಳನ್ನೂ ಬದಲಿಸಿದ್ದೇನೆ.)

ಪೀಣ್ಯದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ 11 ವರ್ಷದಿಂದ ಲೆಕ್ಕ ಬರೆಯುತ್ತಾರೆ. ಒಂದು ಶುಕ್ರವಾರ ಮಧ್ಯಾಹ್ನ ಉಕ್ಕಿನ ಶೀಟು ಕೊಡುವವರಿಂದ ಮೇಲ್ ಬಂತು. ‘ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಸಲದ ಹಣವನ್ನು ಈ ಹೊಸ ಖಾತೆಗೆ ಹಾಕಿ.’ ಬಿಲ್ ನಂಬರ್ ಸರಿಯಿತ್ತು, ಮೊತ್ತ ಸರಿಯಿತ್ತು, ಸೀಲು ಸಹಿಯೂ ಅದೇ. 4,80,000 ರೂಪಾಯಿಯನ್ನು ಬ್ಯಾಂಕಿನ ಆರ್‌ಟಿಜಿಎಸ್ ಮೂಲಕ ಆ ಖಾತೆಗೆ ಕಳಿಸಿದರು. ಸೋಮವಾರ ಬೆಳಿಗ್ಗೆ ಶೀಟಿನವರೇ ಫೋನ್ ಮಾಡಿದರು, ‘ದುಡ್ಡು ಬಂದಿಲ್ವಲ್ಲಮ್ಮಾ?’

ಆಗಲೇ ಗೊತ್ತಾಗಿತ್ತು. ಆದರೆ ಬುಧವಾರದವರೆಗೆ ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ.

ಆ ಮೇಲ್‌ನ ಪ್ರಿಂಟ್ ತಂದಿದ್ದರು. ಮೋಸ ಎಲ್ಲಿದೆ ಅಂತ ಕನ್ನಡಕ ಹಾಕಿಕೊಂಡು ಹುಡುಕಿದೆ, ಸಿಗಲಿಲ್ಲ. ಕೊನೆಗೆ ಅವರೇ ವಿಳಾಸದ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. ‘ಎಮ್’ ಇರಬೇಕಾದ ಕಡೆ ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ಕೂತಿದ್ದವು. ಅಷ್ಟೇ ವ್ಯತ್ಯಾಸ. ‘ಮೋಸ ಇದೆ ಅಂತ ಗೊತ್ತಿದ್ದು ಹುಡುಕಿದರೂ ನನಗೆ ಕಾಣಲಿಲ್ಲ, ನೋಡಿ’ ಅಂದೆ. ಅವರು ಅವತ್ತು ಮೊದಲ ಸಲ ತಲೆ ಎತ್ತಿದರು.

ಇಂಥ ಕಳ್ಳರು ಎರಡು ಕಡೆಯವರಲ್ಲಿ ಯಾರದಾದರೂ ಮೇಲ್‌ಗೆ ಮೊದಲೇ ನುಗ್ಗಿರುತ್ತಾರೆ. ವಾರಗಟ್ಟಲೆ ಸುಮ್ನೆ ಓದುತ್ತಾ ಕೂರುತ್ತಾರೆ. ಬಿಲ್ ಹೋಗುವ ಹೊತ್ತಿಗೆ ಸರಿಯಾಗಿ ಖಾತೆ ನಂಬರ್ ಮಾತ್ರ ಬದಲಿಸುತ್ತಾರೆ. ಹಾಗಾಗಿ ಬಿಲ್ ಎಷ್ಟು ಸಲ ತಾಳೆ ನೋಡಿದರೂ ಸರಿಯಾಗೇ ಇರುತ್ತದೆ.

‘ಅನುಮಾನ ಬರಲೇ ಇಲ್ವಾ?’ ಅಂತ ಕೇಳಿದೆ.

‘ಬಂತು ಮೇಡಂ. ಫೋನ್ ಕೈಗೆ ತಗೊಂಡಿದ್ದೆ.’

ಕಾರ್ಖಾನೆಯ ಯಜಮಾನರು ಹೊಸೂರಿನಲ್ಲಿ ಮೀಟಿಂಗ್‌ನಲ್ಲಿದ್ದರು. ಹಿಂದಿನ ವಾರವಷ್ಟೇ ಎಲ್ಲರೆದುರು ಅಂದಿದ್ದರಂತೆ, ‘ಎಲ್ಲದಕ್ಕೂ ನಂಗೆ ಫೋನ್ ಮಾಡ್ಬೇಡಮ್ಮಾ, ಹನ್ನೊಂದು ವರ್ಷ ಆಯ್ತು ನೀನು ಬಂದು.’ ಅದು ನೆನಪಾಗಿ ಸುಮಾ ಫೋನ್ ಕೆಳಗಿಟ್ಟರು. ಸೋಮವಾರದಿಂದ ಬಾಯಿ ಕಟ್ಟಿಸಿದ್ದೂ ಇದೇ ಬೈಗುಳದ ಭಯ. ಈ ಪ್ರಕರಣದಲ್ಲಿ ಕಳ್ಳರಿಗೆ ಎರಡು ಸಲ ಬಾಗಿಲು ತೆಗೆದುಕೊಟ್ಟದ್ದು ಇದು ಅಂತ ನನ್ನ ಲೆಕ್ಕ.

ಮೊದಲು ನಿದ್ದೆ, ಊಟದ ಬಗ್ಗೆ ಕೇಳಿದೆ. ಆಮೇಲೆ ನೇರವಾಗಿಯೇ, ‘ಸಾಯಬೇಕು ಅನ್ನಿಸಿದೆಯಾ?’ ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ‘ಒಂದೆರಡು ಸಲ’ ಅಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿಸಿದೆ. ರಾತ್ರಿಯೂ ಮಾತಾಡಬಹುದು, ಕನ್ನಡದಲ್ಲೇ. ಅವತ್ತೇ ಸಂಜೆ ಗಂಡನಿಗೆ ಹೇಳಬೇಕು ಅಂತ ಮಾತು ತೆಗೆದುಕೊಂಡೆ. ಬಳೆ ಅಡವಿಡಬೇಡಿ, ಈ ವಾರ ರಾಜೀನಾಮೆ ಕೊಡಬೇಡಿ, ‘ಹಣ ನಾನು ತುಂಬುತ್ತೇನೆ’ ಅಂತ ಯಾವ ಕಾಗದಕ್ಕೂ ವಕೀಲರನ್ನು ಕೇಳದೆ ಸಹಿ ಹಾಕಬೇಡಿ ಅಂದೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಹೋದದ್ದು ಬುಧವಾರ ಸಂಜೆ, ಅದೂ ಜೊತೆಯವರು ಒತ್ತಾಯ ಮಾಡಿದ ಮೇಲೆ. ಹೀಗೆ ಹೋದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಹತ್ತಾರು ಖಾತೆಗೆ ಹಾರುತ್ತಾ ಹೋಗುತ್ತದೆ. ದೂರು ಬಂದ ಹೊತ್ತಿಗೆ ಎಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನೇ ಬ್ಯಾಂಕುಗಳು ತಡೆಹಿಡಿಯೋದು. ಇವರ ಪಾಲಿಗೆ 62,000 ಸಿಕ್ಕಿತು. ಅದೂ ಕೋರ್ಟಿನ ಆದೇಶ ಆದ ಮೇಲೆ ಕೈಗೆ ಬರಬೇಕು. ಸೋಮವಾರವೇ ಹೇಳಿದ್ದರೆ ಜಾಸ್ತಿ ಸಿಗುತ್ತಿತ್ತಾ ಅಂತ ಕೇಳಿದರು. ಸಿಗುತ್ತಿತ್ತೇನೋ, ಅಂದೆ. ಸಮಾಧಾನಕ್ಕೆ ಅಂತ ಸುಳ್ಳು ಹೇಳೋದು ನನಗೆ ಹಿಡಿಸುವುದಿಲ್ಲ.

ಎರಡನೇ ಭೇಟಿಗೆ ಬರುವಷ್ಟರಲ್ಲಿ ಇನ್ನೊಂದು ಗಾಳ ಬಿದ್ದಿತ್ತು. ‘ಸೈಬರ್ ಸೆಲ್‌ನಿಂದ, ನಿಮ್ಮ ಹಣ ವಾಪಸ್ ಕೊಡಿಸ್ತೀವಿ, 9,500 ಫೀಸು ಕಟ್ಟಿ’ ಅಂತ ಫೋನ್. ಸುಮಾ ಇನ್ನೇನು ಕಟ್ಟುವವರಿದ್ದರು. ಒಮ್ಮೆ ಕಳೆದುಕೊಂಡವರನ್ನೇ ಹುಡುಕಿ ಮತ್ತೆ ಸುಲಿಯುವ ದಂಧೆ ಇದು. ದೂರಿಗಾಗಲಿ, ಹಣ ವಾಪಸಾತಿಗಾಗಲಿ ಪೊಲೀಸರು ಫೀಸು ಕೇಳುವುದಿಲ್ಲ. ಏನಾದರೂ ತಿಳಿಯಬೇಕಿದ್ದರೆ ದೂರು ಕೊಟ್ಟ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೇ ಹೋಗಿ ಕೇಳಿ ಅಂದೆ.

ಮೂರನೇ ಸಲ, ಸುಮಾ ಒಪ್ಪಿಗೆ ಪಡೆದು, ಯಜಮಾನರನ್ನೂ ಕರೆಸಿದೆ. ‘ನಂಗೇನು ಕೌನ್ಸೆಲಿಂಗು?’ ಅಂತಲೇ ಕೂತರು. ಇಬ್ಬರಿಗೂ ಹೇಳಿದೆ: ಖಾತೆ ನಂಬರ್ ಬದಲಾಯಿತು ಅಂತ ಯಾರೇ ಬರೆದರೂ, ಆ ಮೇಲ್‌ನಲ್ಲಿರುವ ನಂಬರಿಗೆ ಬೇಡ, ಹಳೇ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಗುರುತಿನ ದನಿ ಕೇಳಬೇಕು. ದೊಡ್ಡ ಮೊತ್ತ ಕಳಿಸಲು ಇಬ್ಬರ ಒಪ್ಪಿಗೆ ಇರಲಿ. ಮೇಲ್‌ಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಹಾಗೆ) ಹಾಕಿಸಿ. ನಿಮ್ಮ ಮೇಲ್‌ಗಳು ತಾವಾಗಿಯೇ ಬೇರೆ ವಿಳಾಸಕ್ಕೆ ಹೋಗುವ ಹಾಗೆ ಯಾರಾದರೂ ಸೆಟ್ಟಿಂಗ್ ಮಾಡಿದ್ದಾರಾ ಅಂತ ತಿಳಿದವರಿಂದ ನೋಡಿಸಿ.

ಇನ್ನೊಂದಿದೆ. ಆರ್‌ಟಿಜಿಎಸ್, ನೆಫ್ಟ್ ಮಾಡುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಅವತ್ತು ಸ್ಕ್ರೀನಿನಲ್ಲಿ ಯಾರೋ ಒಬ್ಬರ ಹೆಸರು ಬಂದಿತ್ತಂತೆ. ‘ಪ್ರೊಪ್ರೈಟರ್ ಇರಬೇಕು ಅಂದ್ಕೊಂಡೆ’ ಅಂದರು ಸುಮಾ. ಹೆಸರು ಬೇರೆ ಕಂಡರೆ ಅಲ್ಲೇ ನಿಲ್ಲಿಸಿ, ಅಂದೆ.

ಯಜಮಾನರು ಇದನ್ನೆಲ್ಲ ಬರೆದುಕೊಂಡರು. ‘ಇಷ್ಟೂ ನಡೆಯಬೇಕಾದರೆ ನೀವು ಫೋನ್ ಎತ್ತಬೇಕು. ಎತ್ತಿ, ಬೈಯಬಾರದು’ ಅಂದೆ. ಅದನ್ನು ಬರೆದುಕೊಳ್ಳಲಿಲ್ಲ.

ಐದು ವಾರ ಬಿಟ್ಟು ಸುಮಾ ಬಂದರು. ನಿದ್ದೆ ಇನ್ನೂ ಅಷ್ಟಕ್ಕಷ್ಟೇ. ಆದರೆ ಬಣ್ಣ ಕೊಡುವವರೊಬ್ಬರು ಬ್ಯಾಂಕ್ ಬದಲಿಸಿದ್ದರಂತೆ, ನಿಜವಾಗಿಯೇ. ಯಜಮಾನರು ತುಮಕೂರಿನಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ಇವರು ಫೋನ್ ಮಾಡಿದ್ದಾರೆ.

‘ಏನಂದ್ರು?’

‘ಬೈಲಿಲ್ಲ ಮೇಡಂ. ಹೂಂ, ವಿಚಾರಿಸು ಅಂದು ಇಟ್ರು.’