ಪ್ರಶ್ನೆಗಳನ್ನು ಎಣಿಸಬೇಡಿ, ಉತ್ತರಗಳನ್ನು ಓದಿ

ಹಾಜರಾತಿ, ಪ್ರಶ್ನೆ, ಚರ್ಚೆ, ಸಚಿವರಲ್ಲದ ಸದಸ್ಯರು ತರುವ ಖಾಸಗಿ ಮಸೂದೆ ಈ ನಾಲ್ಕಕ್ಕೆ ಎಷ್ಟೆಷ್ಟು ಅಂಕ ಇಟ್ಟರೆ ನಮ್ಮ ಸಂಸದರನ್ನೂ ಜಿಲ್ಲೆಯ ಶಾಸಕರನ್ನೂ ನ್ಯಾಯವಾಗಿ ಅಳೆದಂತಾಗುತ್ತದೆ, ಪಟ್ಟಿಯನ್ನು ವಾಚನಾಲಯದ ಫಲಕಕ್ಕೆ ಹಾಕಬೇಕೆಂದಿದ್ದೇವೆ ಎಂದು ಕೇಳಿದ್ದೀರಿ. ಇದೇ ಪಟ್ಟಿಯನ್ನು ನಾನೂ ಮಾಡಿದ್ದೆ.

ಕುಂಬಳೆ ಸಮೀಪದ ನಮ್ಮ ವಾಚನಾಲಯದಲ್ಲಿ ಕೆಲವು ವರ್ಷಗಳ ಹಿಂದೆ ಗೆಳೆಯರೆಲ್ಲ ಸೇರಿ ಕಾಸರಗೋಡಿನ ಸಂಸದರು ಮತ್ತು ಜಿಲ್ಲೆಯ ಐದು ಕ್ಷೇತ್ರಗಳ ಶಾಸಕರು ಸದನದಲ್ಲಿ ಕೇಳಿದ ಪ್ರಶ್ನೆಗಳನ್ನು ಎಣಿಸಿ, ಹೆಚ್ಚು ಕೇಳಿದವರನ್ನು ಮೇಲೆ, ಕಡಿಮೆ ಕೇಳಿದವರನ್ನು ಕೆಳಗೆ ಬರೆದು ಫಲಕಕ್ಕೆ ಹಾಕಿದೆವು. ಎಣಿಸುವ ಕೆಲಸ ನನ್ನದಾಗಿತ್ತು. ಅದೇ ಮಳೆಗಾಲದಲ್ಲಿ ಹತ್ತಿರದ ಪ್ರೌಢಶಾಲೆಯ ಕನ್ನಡ ಮಾಧ್ಯಮ ವಿಭಾಗಕ್ಕೆ ಕನ್ನಡ ಬಾರದ ಗಣಿತ ಅಧ್ಯಾಪಕರು ಬಂದರು. ಹೆತ್ತವರು ಮನವಿಯನ್ನು ಯಾರಿಗೆ ಕೊಡುವುದೆಂದು ಕೇಳಿಕೊಂಡು ವಾಚನಾಲಯಕ್ಕೆ ಬಂದಾಗ ನಾನು ಫಲಕದ ಮೊದಲ ಸಾಲನ್ನು ತೋರಿಸಿದೆ. ಅಲ್ಲಿದ್ದದ್ದು ಸಂಸದರ ಹೆಸರು. ಅವರು ಮನವಿಯನ್ನು ಆದರದಿಂದಲೇ ತೆಗೆದುಕೊಂಡು, ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರವಷ್ಟೇ ಸಿಗುವ ಪ್ರಶ್ನೆಯಾಗಿ ಕೊಟ್ಟರು. ಶಿಕ್ಷಣವು ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದ್ದು, ಅಧ್ಯಾಪಕರ ನೇಮಕಾತಿ ಮತ್ತು ನಿಯೋಜನೆ ರಾಜ್ಯ ಸರ್ಕಾರದ ವ್ಯಾಪ್ತಿಗೆ ಬರುತ್ತದೆ ಎಂಬ ಉತ್ತರ ಬಂತು. ಅಷ್ಟರಲ್ಲಿ ಶಾಲಾ ವರ್ಷದ ಅರ್ಧ ಮುಗಿದಿತ್ತು.

ಆಮೇಲಷ್ಟೇ ನಾವು ಪಟ್ಟಿಯ ತಳದಲ್ಲಿದ್ದ ಶಾಸಕರ ಬಳಿಗೆ ಹೋದೆವು. ಕನ್ನಡ ಮಾಧ್ಯಮ ಶಾಲೆಗಳ ಖಾಲಿ ಹುದ್ದೆಗಳ ಬಗ್ಗೆ ಅವರು ಅದಕ್ಕೂ ಮೊದಲೇ ತಿರುವನಂತಪುರದಲ್ಲಿ ಪ್ರಶ್ನೆ ಕೇಳಿದ್ದರು. ‘ವಿವರ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರವೂ ಸಿಕ್ಕಿತ್ತು. ಆ ಪ್ರಶ್ನೆ ನನ್ನ ಪಟ್ಟಿಯಲ್ಲಿ ಒಂದು ಅಂಕಿಯಾಗಿ ಸೇರಿತ್ತು, ಅದರ ಒಳಗೇನಿದೆ ಎಂಬುದನ್ನು ನಾನು ತೆರೆದು ನೋಡಿರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಈಗ ಅದರ ಹೊಸ್ತಿಲಲ್ಲಿದ್ದೀರಿ. ನನ್ನ ಅಂಕಿಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ, ಕೂಡಿಸುವುದರಲ್ಲೂ ಪ್ರಮಾದವಿರಲಿಲ್ಲ. ಓದದೆ ಎಣಿಸಿದ್ದೇ ತಪ್ಪು. ಓದಿದ್ದರೆ ಆ ಪ್ರಶ್ನೆ ನಮ್ಮ ಶಾಲೆಯದೇ ಎಂದು ತಿಳಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಬರಿಗೈಯ ಉತ್ತರವೆಂದು ನಾವೆಲ್ಲ ತಳ್ಳಿಹಾಕುವ ‘ವಿವರ ಸಂಗ್ರಹಿಸಲಾಗುತ್ತಿದೆ’ ಎಂಬ ಮಾತು ಸದನಕ್ಕೆ ಸರ್ಕಾರ ಉಳಿಸಿಕೊಂಡ ಬಾಕಿ ಎಂಬುದೂ ಅರಿವಾಗುತ್ತಿತ್ತು. ಆ ಬಾಕಿಯನ್ನು ವಸೂಲು ಮಾಡುವುದಕ್ಕಾಗಿಯೇ ಲೋಕಸಭೆಯಲ್ಲೂ ಕೇರಳ ವಿಧಾನಸಭೆಯಲ್ಲೂ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಲೋಕಸಭೆಯಲ್ಲಿ ಸಚಿವರು ಇಂಥ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಸಮಿತಿಯಿಂದ ಹೆಚ್ಚಿನ ಅವಧಿ ಕೇಳಿ ಪಡೆಯಬೇಕು. ನಮ್ಮ ಶಾಸಕರಿಗೆ ಆ ಉತ್ತರವನ್ನು ಹಿಡಿದು ಒತ್ತಾಯಿಸಲು ಶಾಲೆವಾರು ವಿವರ ಬೇಕಾಗಿತ್ತು. ಯಾವ ಹುದ್ದೆ, ಯಾವ ಮಾಧ್ಯಮ, ಎಷ್ಟು ಮಕ್ಕಳು ಎಂಬುದೆಲ್ಲ ನಮ್ಮ ಕೈಯಲ್ಲೇ ಇತ್ತು, ಆದರೆ ಅದನ್ನು ನಾವು ದೆಹಲಿಗೆ ಕಳುಹಿಸಿದ್ದೆವು. ಆ ತಂಡದ ಮಕ್ಕಳು ಅದೇ ಅಧ್ಯಾಪಕರ ಪಾಠ ಕೇಳಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತರು. ಆ ಅಧ್ಯಾಪಕರನ್ನು ನಾನು ದೂರುವುದಿಲ್ಲ, ತನಗೆ ಬಾರದ ಭಾಷೆಯಲ್ಲಿ ಬೀಜಗಣಿತ ಕಲಿಸಬೇಕಾಗಿ ಬಂದ ಅವರ ಪಾಡೂ ಕಷ್ಟದ್ದೇ.

ಇನ್ನೊಂದು ಸಂಗತಿಯೂ ನನ್ನ ಪಟ್ಟಿಯಲ್ಲಿ ಕಾಣುವಂತಿರಲಿಲ್ಲ. ಆ ಶಾಸಕರು ಶಿಕ್ಷಣ ಇಲಾಖೆಯನ್ನು ನೋಡಿಕೊಳ್ಳುವ ವಿಷಯ ಸಮಿತಿಯ ಸದಸ್ಯರಾಗಿದ್ದರು. ಇಲಾಖೆಯ ಅನುದಾನ ಬೇಡಿಕೆಗಳನ್ನೂ ಮಸೂದೆಗಳನ್ನೂ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಪರಿಶೀಲಿಸುವ ಇಂಥ ಸಮಿತಿಗಳನ್ನು ದೇಶದಲ್ಲಿ ಮೊದಲು ರೂಪಿಸಿದ್ದು ಕೇರಳ ವಿಧಾನಸಭೆ, 1980ರಲ್ಲಿ. ಸಂಸತ್ತಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದದ್ದು 1993ರಲ್ಲಿ. ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುವುದರಿಂದ ಅಲ್ಲಿ ಯಾರು ಏನು ಕೇಳಿದರು ಎಂಬುದು ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ. ಸಂಸತ್ತಿನ ಸಮಿತಿಗಳ ವರದಿಯ ಕೊನೆಯಲ್ಲಿ ಸಭಾ ನಡಾವಳಿ ಇರುತ್ತದೆ, ಬಂದವರ ಹೆಸರೂ ಇರುತ್ತದೆ. ಓದುವವರು ಕಡಿಮೆ. ಸರ್ಕಾರದ ಖರ್ಚನ್ನು ಮಹಾಲೇಖಪಾಲರ (ಸಿಎಜಿ) ವರದಿಯೊಡನೆ ತಾಳೆ ನೋಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಒಬ್ಬ ಸದಸ್ಯ ಒಂದು ವರ್ಷ ಪಟ್ಟ ಶ್ರಮಕ್ಕೆ ನಿಮ್ಮ ನಾಲ್ಕು ಕಲಮುಗಳಲ್ಲಿ ಜಾಗವೇ ಇಲ್ಲ.

ಹಾಗಾಗಿ ಅಂಕ ಹಂಚುವ ಸೂತ್ರವನ್ನು ನಾನು ಹೇಳಿಕೊಡುವುದಿಲ್ಲ, ಅಂಥ ಸೂತ್ರ ಇರಬಾರದೆಂದೇ ನನ್ನ ಅಭಿಪ್ರಾಯ. ಹಾಜರಾತಿ ಎಂದರೆ ಬಂದದ್ದಕ್ಕೆ ಹಾಕಿದ ಗುರುತು, ಅಷ್ಟೇ. ಸಚಿವರು ಅದನ್ನು ಹಾಕುವುದೇ ಇಲ್ಲ, ಹಾಕಿದವರು ಎಷ್ಟು ಹೊತ್ತು ಕುಳಿತರು ಎಂಬುದನ್ನು ಅದು ಹೇಳುವುದೂ ಇಲ್ಲ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ 20 ಚುಕ್ಕೆ ಗುರುತಿನ ಪ್ರಶ್ನೆಗಳೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ಸೇರುತ್ತವೆ, ಯಾರದು ಸೇರಬೇಕೆಂಬುದು ಚೀಟಿ ಎತ್ತುವುದರಲ್ಲಿ ನಿರ್ಧಾರವಾಗುತ್ತದೆ. ಸಚಿವರನ್ನು ಎದ್ದು ನಿಲ್ಲಿಸಿ ಉಪಪ್ರಶ್ನೆ ಕೇಳುವ ಅವಕಾಶವಿರುವುದು ಆ 20ರಲ್ಲಿ ಸಮಯ ಸಿಕ್ಕ ಕೆಲವಕ್ಕೆ ಮಾತ್ರ. ನನ್ನ ದೃಷ್ಟಿಯಲ್ಲಿ, ಮುದ್ರಿತ ಉತ್ತರದ ದುರ್ಬಲ ಜಾಗವನ್ನು ಗುರುತಿಸಿ ಹಾಕಿದ ಒಂದು ಉಪಪ್ರಶ್ನೆ, ಕಚೇರಿಯ ಸಹಾಯಕರು ತಯಾರಿಸಿಕೊಟ್ಟ ನೂರು ಲಿಖಿತ ಪ್ರಶ್ನೆಗಳಿಗಿಂತ ದೊಡ್ಡ ಕೆಲಸ.

ಸಂಸದರನ್ನೂ ಶಾಸಕರನ್ನೂ ಒಂದೇ ಪಟ್ಟಿಯಲ್ಲಿ ಇಡುವುದನ್ನಂತೂ ದಯವಿಟ್ಟು ಬಿಡಿ. ನಮ್ಮ ಮನವಿಯ ವಿಷಯದಲ್ಲಿ ಸಂಸದರು ಮಾಡಬಹುದಾಗಿದ್ದ ಕೆಲಸವೇ ಬೇರೆ ಇತ್ತು. ಸಂವಿಧಾನದ 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿ ಇರಬೇಕು, ಅವರ ವರದಿಯನ್ನು ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕು. ಆ ವರದಿಯಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಬಗ್ಗೆ ಏನಿದೆ, ಅದರ ಮೇಲೆ ಕೈಗೊಂಡ ಕ್ರಮವೇನು ಎಂದು ಅಲ್ಪಸಂಖ್ಯಾತರ ವ್ಯವಹಾರಗಳ ಸಚಿವಾಲಯವನ್ನು ಕೇಳಿದ್ದರೆ, ರಾಜ್ಯದ ವಿಷಯವೆಂದು ಹೇಳಿ ಅಷ್ಟು ಸುಲಭವಾಗಿ ಜಾರಿಕೊಳ್ಳಲಾಗುತ್ತಿರಲಿಲ್ಲ. ನಾವು ಬರೆದುಕೊಟ್ಟದ್ದು ಶಿಕ್ಷಣ ಸಚಿವಾಲಯಕ್ಕೆ.

ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು 2021ರಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ ದಿನ ನಾನೂ ಸಂತೋಷಪಟ್ಟವನೇ. ಆದರೆ ಯಾವ ಪಕ್ಷದ ಯಾವ ಸದಸ್ಯರನ್ನೇ ಆಗಲಿ ತೂಗಬೇಕಾದದ್ದು ಪ್ರಮಾಣವಚನದ ಮರುದಿನದಿಂದ ನಡೆಯುವ ಕೆಲಸದಿಂದ.

ಪಟ್ಟಿಯ ಬದಲು ಒಂದೇ ಒಂದು ವಿಷಯವನ್ನು ಆರಿಸಿಕೊಂಡು ಅದರ ಜಾಡು ಹಿಡಿಯಿರಿ. ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನ್‌ಗಿಂತ ತಕ್ಕ ವಿಷಯ ಇನ್ನೊಂದಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಈ ಕೀಟನಾಶಕದ ವಿಷ ಸುರಿಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಸಂತ್ರಸ್ತರಲ್ಲಿ ಆ ಹಣ ತಲುಪಿದ್ದು ನ್ಯಾಯಾಲಯದ ಮೆಟ್ಟಿಲೇರಿದ ಎಂಟು ಮಂದಿಗೆ ಮಾತ್ರ ಎಂಬುದು ಬಯಲಾಯಿತು. ನಡುವಿನ ಆ ಐದು ವರ್ಷಗಳ ನಡಾವಳಿಯನ್ನು ತೆರೆದು ನೋಡಿ. ಎಷ್ಟು ಜನರಿಗೆ ಕೊಟ್ಟಿರಿ, ಉಳಿದವರಿಗೆ ಎಂದು ಕೊಡುತ್ತೀರಿ, ಹಣ ಬಜೆಟ್‌ನ ಯಾವ ಶೀರ್ಷಿಕೆಯಲ್ಲಿದೆ ಎಂದು ಕೇಳಿದವರು ಯಾರು, ಉತ್ತರ ಅಪೂರ್ಣವಾಗಿದ್ದಾಗ ಮುಂದಿನ ಅಧಿವೇಶನದಲ್ಲಿ ಅದನ್ನೇ ಮತ್ತೆ ಎತ್ತಿದವರು ಯಾರು, ಬಜೆಟ್ ಚರ್ಚೆಯಲ್ಲಿ ಅದನ್ನು ನೆನಪಿಸಿದವರು ಯಾರು ಎಂಬುದನ್ನು ಬರೆದುಕೊಳ್ಳಿ. ಸಭಾತ್ಯಾಗ ಮಾಡಿ ಹೊರಬಂದು ಕ್ಯಾಮೆರಾ ಮುಂದೆ ಆಡಿದ ಮಾತನ್ನು ಬೇರೆಯಾಗಿ ಇಡಿ. ವಿಧಾನಸಭೆಯ ಉತ್ತರಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ, ಆದ್ದರಿಂದ ಮಲಯಾಳ ಚೆನ್ನಾಗಿ ಓದಬಲ್ಲ ಒಬ್ಬರು ತಂಡದಲ್ಲಿರಲಿ. ಫಲಕಕ್ಕೆ ಏನನ್ನಾದರೂ ಹಾಕಲೇಬೇಕೆಂದಿದ್ದರೆ ಆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಕನ್ನಡಕ್ಕೆ ತಂದು, ದಿನಾಂಕದೊಡನೆ ಹಾಗೆಯೇ ಹಾಕಿ. ಓದಿದವರು ತಾವೇ ತೂಗಿಕೊಳ್ಳುತ್ತಾರೆ.

ಜೊತೆಗೆ, ನಿಮ್ಮ ಸದಸ್ಯರಿಗೆ ಕೇಳಲು ಬೇಕಾದ ವಸ್ತುವನ್ನೂ ನೀವೇ ಒದಗಿಸಿ. ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ಮುಂಚೆ ನೋಟಿಸ್ ಕೊಡಬೇಕು. ಹಾಗಾಗಿ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ನಿಮ್ಮ ಟಿಪ್ಪಣಿ ಸಂಸದರ ಕಚೇರಿಯನ್ನು ತಲುಪಿರಲಿ. ಒಂದೇ ಪುಟವಾದರೆ ಸಾಕು. ಯಾವ ಸಚಿವಾಲಯಕ್ಕೆ, ಹಿಂದೆ ಬಂದ ಉತ್ತರದ ದಿನಾಂಕ ಯಾವುದು, ಅದರಲ್ಲಿ ಹೇಳದೆ ಬಿಟ್ಟದ್ದೇನು, ನಮ್ಮ ಪಂಚಾಯತಿನ ಸದ್ಯದ ಸ್ಥಿತಿ ಏನು ಎಂಬ ನಾಲ್ಕು ಸಂಗತಿಗಳು ಅದರಲ್ಲಿರಲಿ. ರಾಜ್ಯದ ವಿಷಯವಾದರೆ ಅದೇ ಪುಟವನ್ನು ಶಾಸಕರಿಗೆ ಕೊಡಿ, ಮತ್ತು ಅವರು ಯಾವ ಸಮಿತಿಯಲ್ಲಿದ್ದಾರೆ ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.