ಹೊಲ ಅಲ್ಲೇ ಇದೆ, ಊರಿನ ಗಡಿ ಬಂದಿದೆ

ಪ್ರಶ್ನೆ: ರಾಯಚೂರಿನ ಲಿಂಗಸುಗೂರು ರಸ್ತೆ ಕಡೆ ನಮ್ಮ ಪಿತ್ರಾರ್ಜಿತ ನಾಲ್ಕು ಎಕರೆ ಹೊಲವಿದೆ. ಲೇಔಟ್‌ನವರು ಕೇಳುತ್ತಿದ್ದಾರೆ. ಕೃಷಿ ಜಮೀನು ಮಾರಿದ ಹಣಕ್ಕೆ ತೆರಿಗೆ ಇಲ್ಲವಂತೆ, ನಿಜವೇ?

ಉತ್ತರ: ಬಳ್ಳಾರಿಯವರೂ ಇದನ್ನೇ ಕೇಳುತ್ತಾರೆ, ಗಂಗಾವತಿಯವರೂ ಇದನ್ನೇ ಕೇಳುತ್ತಾರೆ. ಎಲ್ಲರ ಹಿಂದೆಯೂ ಒಬ್ಬ ದಲ್ಲಾಳಿ: "ಹೊಲ ಅಲ್ಲೇನ್ರೀ, ಟ್ಯಾಕ್ಸ್ ಎಲ್ಲಿಂದ ಬರ್ತೈತಿ?" ಬರುತ್ತದೆ. ನೋಟಿಸು ಅವನ ಮನೆಗಲ್ಲ, ನಿಮ್ಮ ಮನೆಗೆ.

ತೆರಿಗೆ ಇಲ್ಲದಿರುವುದು ಬೆಳೆಯ ಆದಾಯಕ್ಕೆ. ಹೊಲವನ್ನೇ ಮಾರಿದಾಗ ಅದು ಊರಿಗೆ ಎಷ್ಟು ಹತ್ತಿರ ಎಂಬುದನ್ನು ಕಾನೂನು ನೋಡುತ್ತದೆ. ನಗರಸಭೆ, ಪಾಲಿಕೆಯ ಗಡಿಯೊಳಗಿದ್ದರೆ ಸೀದಾ ತೆರಿಗೆ. ಗಡಿಯ ಹೊರಗಿದ್ದರೆ ಊರಿನ ಜನಸಂಖ್ಯೆ ನೋಡಬೇಕು: 10 ಸಾವಿರದಿಂದ 1 ಲಕ್ಷದವರೆಗಿನ ಊರಾದರೆ ಗಡಿಯಿಂದ 2 ಕಿ.ಮೀ., 1ರಿಂದ 10 ಲಕ್ಷದವರೆಗೆ 6 ಕಿ.ಮೀ., ಅದಕ್ಕೂ ದೊಡ್ಡದಾದರೆ 8 ಕಿ.ಮೀ. ಹೊಲ ಇಷ್ಟರೊಳಗೆ ಬಂದರೆ ತೆರಿಗೆ, ಆಚೆಗಿದ್ದರೆ ಇಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಸುಮಾರು 2.3 ಲಕ್ಷ, ಬಳ್ಳಾರಿ 4.1 ಲಕ್ಷ, ಎರಡಕ್ಕೂ 6 ಕಿ.ಮೀ. ಜಿಲ್ಲಾ ಕೇಂದ್ರವಾದ ಕೊಪ್ಪಳ 71 ಸಾವಿರದ ಆಸುಪಾಸು, ಅದಕ್ಕೆ 2 ಕಿ.ಮೀ. ಸಾಕು. ಅದರದೇ ತಾಲ್ಲೂಕಾದ ಗಂಗಾವತಿ ಲಕ್ಷ ದಾಟಿದೆ, ಅಲ್ಲಿ 6. ಮುಂದಿನ ಜನಗಣತಿಯಲ್ಲಿ ಕೊಪ್ಪಳವೂ ಲಕ್ಷ ದಾಟಿದರೆ ಇವತ್ತು ತೆರಿಗೆ ಇಲ್ಲದ ಎಷ್ಟೋ ಹೊಲಗಳು ಒಳಗೆ ಬರುತ್ತವೆ.

ಅಳತೆ ಬಸ್ ಸ್ಟ್ಯಾಂಡಿನಿಂದಲ್ಲ, ಸರ್ಕಲ್ಲಿನಿಂದಲ್ಲ, ಗಡಿಯಿಂದ. ಅಕ್ಕಪಕ್ಕದ ಹಳ್ಳಿಗಳನ್ನು ಊರಿಗೆ ಸೇರಿಸಿದರೆ ಗಡಿಯೇ ಮುಂದೆ ಬರುತ್ತದೆ, ಆದ್ದರಿಂದ ಮಾರುವ ದಿನ ಗಡಿ ಎಲ್ಲಿದೆ ಎಂದು ವಿಚಾರಿಸಿ. "ರಸ್ತೆ ಲೆಕ್ಕದಾಗ ಏಳೂವರೆ ಕಿಲೋಮೀಟರ್ ಅಂತ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ" ಎನ್ನುವವರು ಕಚೇರಿಗಳ ಮುಂದೆ ಕೂತಿರುತ್ತಾರೆ. ಆ ಲೆಕ್ಕ ಸತ್ತು ಹತ್ತು ವರ್ಷದ ಮೇಲಾಯಿತು. ಆದಾಯ ತೆರಿಗೆ ಕಾಯ್ದೆಯ 2013ರ ತಿದ್ದುಪಡಿಯ ನಂತರ ನಕ್ಷೆಯ ಮೇಲಿನ ನೇರ ಗೆರೆಯ ದೂರವೇ ಲೆಕ್ಕ.

ತೆರಿಗೆ ಬಿದ್ದರೆ ಎಷ್ಟು? 2024ರ ಜುಲೈ 23ಕ್ಕೆ ಮೊದಲೇ ನಿಮ್ಮದಾಗಿದ್ದ ಜಮೀನಾದರೆ ಲಾಭದ ಮೇಲೆ ಶೇ 12.5, ಇಲ್ಲವೇ ಅಸಲು ಬೆಲೆಯನ್ನು ಹಣದುಬ್ಬರದ ಸೂಚ್ಯಂಕ ಹಚ್ಚಿ ಏರಿಸಿ, ಉಳಿದ ಲಾಭಕ್ಕೆ ಶೇ 20. ಕಡಿಮೆ ಬಂದದ್ದನ್ನು ಕಟ್ಟಬಹುದು. ಅಜ್ಜನ ಕಾಲದ ಹೊಲಕ್ಕೆ 2001ರ ಏಪ್ರಿಲ್ 1ರ ಮೌಲ್ಯವನ್ನು ಅಸಲು ಎಂದು ಹಿಡಿಯಬಹುದು. ಪತ್ರದಲ್ಲಿ ಬೆಲೆ ಇಳಿಸಿ ಬರೆಸುವ ಜಾಣತನ ಬೇಡ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರಕ್ಕಿಂತ ತೀರಾ ಕಡಿಮೆ ತೋರಿಸಿದರೆ ಮಾರ್ಗಸೂಚಿ ದರಕ್ಕೇ ಮಾರಿದಂತೆ ಲೆಕ್ಕ ಹಾಕುತ್ತಾರೆ.

ದಾರಿ ಒಂದಿದೆ. ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ, ಲಾಭದಲ್ಲಿ ಅದಕ್ಕೆ ಹಾಕಿದಷ್ಟಕ್ಕೆ ವಿನಾಯಿತಿ. ಮಾನ್ವಿ, ಸಿಂಧನೂರು ಕಡೆ ಹೊಲ ಹುಡುಕುವ ರಾಯಚೂರಿನವರನ್ನು ನೋಡಿದ್ದೀರಲ್ಲ, ಅವರಲ್ಲಿ ಅನೇಕರು ಇದೇ ಲೆಕ್ಕದವರು. (ಅಲ್ಲಿ ಲಾವಣಿಗೆ, ಅಂದರೆ ಗೇಣಿಗೆ, ಉಳುತ್ತಿದ್ದವನ ಗತಿ ಏನು ಎಂದು ಯಾರೂ ನನಗೆ ಬರೆದು ಕೇಳಿಲ್ಲ.) ಆದರೆ ಮಾರುವ ಹಿಂದಿನ ಎರಡು ವರ್ಷ ನೀವೋ ನಿಮ್ಮ ತಂದೆತಾಯಿಯೋ ಆ ಹೊಲದಲ್ಲಿ ಸಾಗುವಳಿ ಮಾಡಿರಬೇಕು. ನಮ್ಮವರು ಎಡವುವುದು ಇಲ್ಲೇ. ಅಗ್ರಿಮೆಂಟ್ ಆದ ಮರುದಿನವೇ ಲೇಔಟ್‌ನವರು ಕಲ್ಲು ನೆಡುತ್ತಾರೆ, ಬಿತ್ತನೆ ನಿಲ್ಲುತ್ತದೆ, ಪಹಣಿಯ ಬೆಳೆ ಕಾಲಂ ಖಾಲಿ. ಎರಡು ವರ್ಷ ಕಳೆದು ನೋಂದಣಿಯಾಗುವಾಗ ಸಾಗುವಳಿಗೆ ಸಾಕ್ಷಿಯೇ ಇರುವುದಿಲ್ಲ. ಕ್ರಯಪತ್ರವಾಗುವವರೆಗೆ ಬಿತ್ತಿ. ತೊಗರಿಯಾದರೂ ಸರಿ.

"ಎನ್.ಎ. (ಕೃಷಿಯೇತರ) ಮಾಡಿಸಿ ಮಾರಿದರೆ ರೇಟು ಡಬಲ್" ಎಂಬ ಉಪದೇಶವೂ ಹೀಗೇ. ನಿಮ್ಮ ಹೆಸರಲ್ಲೇ ಭೂ ಪರಿವರ್ತನೆ ಆದರೆ ಅದು ಕೃಷಿ ಜಮೀನು ಎಂಬ ವಾದ ಕುಸಿಯುತ್ತದೆ. ಆಗ ಊರಿನಿಂದ ಇಪ್ಪತ್ತು ಕಿ.ಮೀ. ದೂರವಿದ್ದರೂ ತೆರಿಗೆ ಬಾಗಿಲಿಗೆ ಬರುತ್ತದೆ. ನನ್ನನ್ನು ಕೇಳಿದರೆ ಪರಿವರ್ತನೆಯ ತಾಪತ್ರಯ ಕೊಂಡವನಿಗಿರಲಿ. ನಾನು ಅಂಜುಬುರುಕ ಅನ್ನಿ, ಅಡ್ಡಿಯಿಲ್ಲ.

ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಹೊಸ ಹೊಲ ಸಿಗದಿದ್ದರೆ ಹಣವನ್ನು ಇಂಥ ಲಾಭ ಇಡಲೆಂದೇ ಬ್ಯಾಂಕಿನಲ್ಲಿರುವ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿಡಿ, ಮಾಮೂಲಿ ಎಫ್.ಡಿ.ಯಲ್ಲಲ್ಲ. ಕೊಳ್ಳುವುದು ನಿಮ್ಮ ಹೆಸರಿಗೇ ಆಗಲಿ, ಮಗನ ಹೆಸರಿಗೆ ಬೇಡ. ಮೂರು ವರ್ಷ ಅದನ್ನು ಮಾರಬೇಡಿ. ಮುಂಗಡವನ್ನು ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಪಡೆಯಿರಿ: ಲೇಔಟ್‌ನವರಿಂದ 20 ಸಾವಿರ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು.

ಪ್ರಶ್ನೆ: ತಂಗಿಯ ಮದುವೆ 1998ರಲ್ಲೇ ಆಗಿದೆ, ಬಂಗಾರ ಕೊಟ್ಟಿದ್ದೇವೆ. ಪಿತ್ರಾರ್ಜಿತ ಹೊಲ ಮಾರಲು ಅವಳ ಸಹಿ ಬೇಕೇ? (ಬಳ್ಳಾರಿ)

ಉತ್ತರ: ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಅವಳ ಪರ. 2004ರ ಡಿಸೆಂಬರ್ 20ಕ್ಕೆ ಮೊದಲಿನ ನೋಂದಾಯಿತ ವಿಭಾಗಪತ್ರವೋ ಕೋರ್ಟ್ ಡಿಕ್ರಿಯೋ ಇದ್ದರೆ ತೋರಿಸಿ, ಬಂಗಾರದ ಕತೆ ಬೇಡ.

ಪ್ರಶ್ನೆ: ಕೊಪ್ಪಳದ ಹತ್ತಿರ ಗುಂಟೆ ಲೆಕ್ಕದಲ್ಲಿ ಬಾಂಡ್ ಪೇಪರ್ ಮತ್ತು ಜಿಪಿಎ (ಅಧಿಕಾರ ಪತ್ರ) ಮೇಲೆ ಪ್ಲಾಟು ಅಗ್ಗಕ್ಕೆ ಸಿಗುತ್ತಿದೆ.

ಉತ್ತರ: ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಗ್ಗ ಯಾಕೆಂದು ಗೊತ್ತಾಯಿತಲ್ಲ.

ಪ್ರಶ್ನೆ: ಅಜ್ಜನಿಗೆ ಎಸ್‌ಸಿ ಎಂದು ಸರ್ಕಾರ ಮಂಜೂರು ಮಾಡಿದ ಜಮೀನು, ಮಾರಬಹುದೇ?

ಉತ್ತರ: ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಲ್ಲ. "ಹಳೇ ಮಾರಾಟ, ಈಗ ಯಾರು ಕೇಳ್ತಾರೆ" ಎನ್ನುವವರು ಇಂಥ ಜಮೀನಿನ ಮಾರಾಟ ತಡೆಯುವ ಪಿಟಿಸಿಎಲ್ ಕಾಯ್ದೆಗೆ, ದೂರಿಗೆ ಕಾಲಮಿತಿ ಇಲ್ಲ ಎಂದು 2023ರಲ್ಲಿ ಆದ ತಿದ್ದುಪಡಿಯನ್ನು ಓದಿಲ್ಲ.

ಪ್ರಶ್ನೆ: ಈಗಲೇ ಮಾರಲೋ, ರೇಟು ಏರಲಿ ಎಂದು ಕಾಯಲೋ?

ಉತ್ತರ: ನಾನು ತೆರಿಗೆ ಸಲಹೆಗಾರ. ಭವಿಷ್ಯ ಹೇಳುವವರ ಅಂಗಡಿ ಬೇರೆ ಕಡೆ ಇದೆ.